ಡಿಶ್ ತೆಗೆಸುವ ಮೊದಲು ನಮ್ಮ ಮನೆಯ 17 ದಿನಗಳ ಕಥೆ ಕೇಳಿ

ನಿಮ್ಮ ಪ್ರಶ್ನೆ ಇಷ್ಟು: ಮದುವೆಯಾಗಿ ಬಂದ ಮನೆಯಲ್ಲಿ ಸಂಜೆ ಆರೂವರೆಗೆ ಹಚ್ಚಿದ ಟಿವಿ ಆರುವುದು ರಾತ್ರಿ ಹತ್ತೂವರೆಗೆ, ನಡುವೆ ಯಾರೂ ಯಾರೊಂದಿಗೂ ಮಾತನಾಡುವುದಿಲ್ಲ, ಹೀಗಾದರೆ ಸಂಸಾರದ ಗತಿ ಏನು, ಡಿಶ್ ತೆಗೆಸಿಬಿಡಲೇ?

ತೆಗೆಸಬೇಡಿ. ನಾನು ತೆಗೆಸಿ ನೋಡಿದವಳು.

2014ರ ಜನವರಿ. ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಪರೀಕ್ಷೆಯ ನೆಪ ಸಿಕ್ಕಿತಲ್ಲ, ರೀಚಾರ್ಜ್ ಮುಗಿದಾಗ ಮತ್ತೆ ಹಣ ಕಟ್ಟಲಿಲ್ಲ. ಮೊದಲ ಸಂಜೆ ಮನೆ ಎಷ್ಟು ತಣ್ಣಗಿತ್ತೆಂದರೆ ಫ್ರಿಜ್ಜಿನ ಗುಂಯ್‌ಗುಡುವ ಸದ್ದು ನಡುಮನೆಯವರೆಗೂ ಕೇಳುತ್ತಿತ್ತು. ನನಗೋ ಯುದ್ಧ ಗೆದ್ದ ಹಿಗ್ಗು. ಎರಡನೆಯ ಸಂಜೆ ಮಾವನವರು ಚಪ್ಪಲಿ ಮೆಟ್ಟಿಕೊಂಡು "ಒಂದು ಸುತ್ತು ಹೋಗಿ ಬರುತ್ತೇನೆ" ಎಂದು ಹೊರಟರು. ಆ ಸುತ್ತು ಎದುರುಮನೆಯ ಸೋಫಾದಲ್ಲಿ ಮುಗಿದಿತ್ತು. ನಮ್ಮ ಕಿಟಕಿಯಿಂದ ನೋಡಿದರೆ ಅವರ ಬೋಳುತಲೆಯ ಮೇಲೆ ವಾರ್ತೆಯ ಕೆಂಪು ನೀಲಿ ಬೆಳಕು ಆಡುತ್ತಿತ್ತು. ಗಂಡ ಲ್ಯಾಪ್‌ಟಾಪ್ ಬಿಚ್ಚಿದರು. ಮಗಳು ಸಮಾಜವಿಜ್ಞಾನದ ಪುಸ್ತಕದ ನಡುವೆ ನನ್ನ ಮೊಬೈಲ್ ಇಟ್ಟುಕೊಂಡು ಬಹಳ ಶ್ರದ್ಧೆಯಿಂದ ಓದಿದಳು. ಅತ್ತೆಯವರು ಮಾತ್ರ ದಿನದ ಕುರ್ಚಿಯನ್ನು ಬಿಡಲಿಲ್ಲ. ಕಪ್ಪು ಪರದೆಗೆ ಎದುರಾಗಿ ಕುಳಿತು ಹೂಬತ್ತಿ ಹೊಸೆದರು. ಆಗ ಹೊಸೆದ ಬತ್ತಿ ಎರಡು ಡಬ್ಬಿ ತುಂಬಿ, ಆ ವರ್ಷದ ದೀಪಾವಳಿ ಕಳೆದರೂ ಮುಗಿಯಲಿಲ್ಲ.

ಟಿವಿ ಆರಿದರೆ ಮಾತು ತಾನಾಗಿಯೇ ಬರುತ್ತದೆ ಎಂದು ನಾನು ನಂಬಿದ್ದೆ. ಬರಲಿಲ್ಲ. ಇದ್ದ ಮಾತೂ ಹೋಯಿತು. ಅತ್ತೆಯವರ ತಂಗಿ ಹುಬ್ಬಳ್ಳಿಯಲ್ಲಿದ್ದಾರೆ. ರಾತ್ರಿ ಹತ್ತಕ್ಕೆ ಅಕ್ಕತಂಗಿಯರ ಫೋನು ಶುರುವಾದರೆ ಮುಕ್ಕಾಲು ಗಂಟೆ ಕಡಿಮೆಯಿಲ್ಲ. ಆ ದಿನಗಳಲ್ಲಿ ಅದು "ಊಟ ಆಯಿತೇ, ಆಯಿತು, ಇಡಲೇ" ಎನ್ನುವಲ್ಲಿಗೆ ಇಳಿಯಿತು. ಆಮೇಲೆ ನನಗೆ ಹೊಳೆಯಿತು: ಅವರು ಅಷ್ಟು ದಿನ ಮಾತನಾಡುತ್ತಿದ್ದದ್ದು ಧಾರಾವಾಹಿಯ ಬಗ್ಗೆಯೇ. ಆದರೆ ಬರೀ ಧಾರಾವಾಹಿಯ ಬಗ್ಗೆ ಅಲ್ಲ. "ಆ ಸೊಸೆ ಮಾಡಿದ್ದು ಸರಿಯೇ ಹೇಳು" ಎಂದು ಒಬ್ಬರು ಕೇಳಿದರೆ, ಇನ್ನೊಬ್ಬರ ಉತ್ತರದಲ್ಲಿ ಅವರ ಮನೆಯ ಸೊಸೆ ಬಂದು ಹೋಗುತ್ತಿದ್ದಳು. ಹೆಸರು ಹಿಡಿದು ಆಡಲಾಗದ ಮಾತನ್ನು ಪಾತ್ರದ ಹೆಸರಿನಲ್ಲಿ ಆಡಿ ಇಬ್ಬರೂ ಹಗುರವಾಗಿ ಮಲಗುತ್ತಿದ್ದರು.

ಆ ಸೊಸೆಯರಲ್ಲಿ ನಾನೂ ಒಬ್ಬಳು, ಹಾಗಾಗಿ ಈ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ರಾತ್ರಿ ಎಂಟಕ್ಕೆ ಬಂದು ಅಡುಗೆಮನೆಗೆ ನುಗ್ಗುತ್ತಿದ್ದ ಕಾಲದಲ್ಲಿ, ಒಂದು ಧಾರಾವಾಹಿಯ ನಾಯಕಿಗೂ ಅದೇ ಪಾಡು ಬಂತು. ನಾನು ಒಳಗೆ ಈರುಳ್ಳಿ ಹೆಚ್ಚುತ್ತಿದ್ದೆ. ಅತ್ತೆಯವರು ಪರದೆಯ ಮೇಲಿನ ಅತ್ತೆಯನ್ನು ಬೈಯುವುದು ಕೇಳಿಸಿತು: "ದಣಿದು ಬಂದ ಹುಡುಗಿಗೆ ಒಂದು ಲೋಟ ಕಾಫಿ ಕೊಟ್ಟರೆ ನಿನ್ನ ಗಂಟೇನು ಹೋಗುತ್ತದೆ?" ಮಾರನೆಯ ಸಂಜೆ ನಾನು ಬಂದಾಗ ಒಲೆಯ ಪಕ್ಕದಲ್ಲಿ ಒಂದು ಲೋಟ, ಮೇಲೆ ಮುಚ್ಚಳ. ಕಾಫಿ ಆರಿ ಕೆನೆಗಟ್ಟಿತ್ತು, ಆ ಮಾತು ಬೇರೆ. ಇಬ್ಬರೂ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ.

ಇದು ನಮ್ಮ ಮನೆಯ ವಿಚಿತ್ರ ಎಂದುಕೊಂಡಿದ್ದೆ. ಆಮೇಲೆ ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನದ ಬಗ್ಗೆ ಓದಿದೆ. 2001ರಿಂದ 2003ರವರೆಗೆ ಭಾರತದ ಐದು ರಾಜ್ಯಗಳ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕೇಳಿ ಬರೆದದ್ದು, 2009ರಲ್ಲಿ ಪ್ರಕಟವಾದದ್ದು. ಕರ್ನಾಟಕ ಅದರಲ್ಲಿಲ್ಲ, ಪಕ್ಕದ ತಮಿಳುನಾಡು ಇದೆ. ಹೊಸದಾಗಿ ಕೇಬಲ್ ಬಂದ ಹಳ್ಳಿಗಳಲ್ಲಿ, ಗಂಡ ಹೊಡೆಯುವುದರಲ್ಲಿ ತಪ್ಪಿಲ್ಲ ಎನ್ನುವ ಹೆಂಗಸರು ಕಡಿಮೆಯಾಗಿದ್ದರು, ಗಂಡುಮಗುವೇ ಬೇಕೆಂಬ ಹಟ ಸಡಿಲವಾಗಿತ್ತು, ಮನೆಯ ತೀರ್ಮಾನಗಳಲ್ಲಿ ಅವರ ಮಾತು ನಡೆಯುವುದು ಹೆಚ್ಚಿತ್ತು. ಒಡವೆ ಹೇರಿಕೊಂಡು ಮಲಗುವ ಆ ಧಾರಾವಾಹಿಗಳಿಂದ ಇಷ್ಟಾಯಿತೇ ಎಂದು ನಗು ಬರುತ್ತದೆ. ನನಗೆ ಆ ಲೋಟ ನೆನಪಾಯಿತು.

ಹಾಗೆಂದು ಟಿವಿಗೆ ಆರತಿ ಎತ್ತುತ್ತಿಲ್ಲ. ಟಿವಿ ಮುಂದೆ ಕೂರಿಸಿ ಕೂಸಿನ ಬಾಯಿಗೆ ತುತ್ತು ತುರುಕುವುದು ನನಗೆ ಆಗದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎನ್ನುತ್ತದೆ. ಮಲಗುವ ಕೋಣೆಗೆ ಟಿವಿ ಹೋದರೆ ನಿದ್ದೆಗೂ ದಾಂಪತ್ಯಕ್ಕೂ ಒಳ್ಳೆಯದಲ್ಲ. ರಾತ್ರಿ ಒಂಬತ್ತರ ವಾರ್ತೆಯ ಕಿರುಚಾಟ ಕೇಳಿ ಮಾವನವರು ಊಟದ ತಟ್ಟೆಯ ಮುಂದೆಯೂ ಅದೇ ದನಿಯಲ್ಲಿ ಮಾತನಾಡುತ್ತಿದ್ದರು. ಅದೇ ಮಾವನವರು ಚಂದನ ವಾಹಿನಿಯಲ್ಲಿ ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' ಬಂದರೆ ಸ್ಪರ್ಧಿಗಳಿಗಿಂತ ಮೊದಲು ಉತ್ತರ ಕೂಗಿ, ಪುಸ್ತಕ ತಮಗೇ ಸಿಕ್ಕಿದಂತೆ ಮೊಮ್ಮಗಳ ಕಡೆ ನೋಡುತ್ತಿದ್ದರು. ಪೆಟ್ಟಿಗೆ ಒಂದೇ, ಮನುಷ್ಯರೂ ಅವರೇ.

ನಾನು ಕಂಡುಕೊಂಡಂತೆ, ನೋಡಿದ್ದಕ್ಕೆ ತಕ್ಕಷ್ಟು ಮಾತಿಗೆ ಹೊತ್ತು ಉಳಿಯುತ್ತದೆಯೇ ಎಂಬುದೇ ಪ್ರಶ್ನೆ. 1987ರ ಜನವರಿ 25ರಂದು ರಾಮಾನಂದ ಸಾಗರರ ರಾಮಾಯಣ ಶುರುವಾದಾಗ ನಾನು ಮಲೆನಾಡಿನ ಅಂಚಿನ ನಮ್ಮ ಊರಿನಲ್ಲಿ ಶಾಲೆಗೆ ಹೋಗುವ ಹುಡುಗಿ. ಊರಿಗೊಂದೇ ಟಿವಿ, ಕಪ್ಪು ಬಿಳುಪಿನ ಸಣ್ಣದು. ಭಾನುವಾರ ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸುತ್ತಿದ್ದರು. ಆಂಟೆನಾ ಕಟ್ಟಿದ್ದು ಅಡಿಕೆ ಮರಕ್ಕೆ. ಒಬ್ಬ ಕೆಳಗೆ ನಿಂತು "ಬಂತೇ?" ಎಂದು ಕೂಗುವುದು, ಜಗಲಿಯಿಂದ "ಹೋಯಿತು!" ಎಂದು ಇಪ್ಪತ್ತು ಜನ ಕೂಗುವುದು. ಯಾರಿಗೂ ಹಿಂದಿ ಬಾರದು, ಕಥೆ ಎಲ್ಲರಿಗೂ ಬಾಯಿಪಾಠ. ತಾಳಮದ್ದಳೆಯಲ್ಲಿ ರಾವಣನ ಅರ್ಥ ಹೇಳುತ್ತಿದ್ದ ನಮ್ಮ ದೊಡ್ಡಪ್ಪನಿಗೆ ಅರವಿಂದ ತ್ರಿವೇದಿಯ ರಾವಣ ಹಿಡಿಸಲಿಲ್ಲ. "ನಗುತ್ತಾನೆ, ವಾದ ಮಾಡುವುದಿಲ್ಲ" ಎಂದು ಟಿವಿ ಆರಿದ ಮೇಲೆ ಜಗಲಿಯಲ್ಲಿ ತಾನೇ ವಾದ ಮಂಡಿಸಿದ. ಕಂಚಿನ ಚೆಂಬಿನಲ್ಲಿ ಮಜ್ಜಿಗೆ ಬಂತು, ಹೊತ್ತು ನೆತ್ತಿಗೇರಿತು, ರಾಮನ ಕಡೆಯವರು ಒಬ್ಬೊಬ್ಬರೇ ಎದ್ದು ಹೋದರು. ವಾರಕ್ಕೆ ಅರ್ಧ ಮುಕ್ಕಾಲು ಗಂಟೆ ನೋಡುವುದು, ಆರು ದಿನ ಮಾತನಾಡುವುದು. ಈಗ ಒಂದು ಧಾರಾವಾಹಿಯ ಬಾಲ ಹಿಡಿದು ಇನ್ನೊಂದು ಬರುತ್ತದೆ, ಮಾತಿಗೆ ಸಂದು ಎಲ್ಲಿದೆ?

ಜಾಹೀರಾತಿನಲ್ಲಿದೆ. ಹದಿನೆಂಟನೆಯ ದಿನ ನಾನು ಸೋತು ರೀಚಾರ್ಜ್ ಮಾಡಿದ ಮೇಲೆ ಹುಡುಕಿಕೊಂಡ ದಾರಿ ಇದು. ಕೇಬಲ್ ನಿಯಮದ ಪ್ರಕಾರ ವಾಹಿನಿಗಳು ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಏಳರಿಂದ ಹತ್ತರವರೆಗೆ ಲೆಕ್ಕ ಹಾಕಿದರೆ 36 ನಿಮಿಷ. (ಆ ಮಿತಿಯ ವಿರುದ್ಧ ಕೋರ್ಟಿಗೆ ಹೋದ ವಾಹಿನಿಗಳೂ ಇವೆ, ಮಾತನಾಡಲು ನಮಗೆ ಇನ್ನಷ್ಟು ಸಮಯ ಕೊಡುವ ಆಸೆಯಿಂದಲೋ ಏನೋ.) ಜಾಹೀರಾತು ಬಂದ ಕೂಡಲೇ ಸದ್ದು ಪೂರ್ತಿ ನಿಲ್ಲಿಸಬೇಕು ಎಂದು ಕಟ್ಟಳೆ ಮಾಡಿ, ರಿಮೋಟನ್ನು ಅತ್ತೆಯವರ ಕೈಗೇ ಕೊಟ್ಟೆ. ನನ್ನ ಕೈಯಲ್ಲಿದ್ದಿದ್ದರೆ ಅದು ನನ್ನ ದರ್ಬಾರಾಗುತ್ತಿತ್ತು, ಒಂದು ವಾರವೂ ಬಾಳುತ್ತಿರಲಿಲ್ಲ. ಅವರು ಶಾಲೆಯ ಗಂಟೆ ಹೊಡೆಯುವಷ್ಟು ಶಿಸ್ತಿನಿಂದ ಗುಂಡಿ ಒತ್ತುತ್ತಿದ್ದರು.

ಪರೀಕ್ಷೆ ಮುಗಿದ ಮೇಲೆ ಮಗಳು "ನಾನು ವಿಜ್ಞಾನ ಓದುವುದಿಲ್ಲ, ವಾಣಿಜ್ಯ" ಎಂದದ್ದು ಅಂಥದೇ ಒಂದು ಮೌನದಲ್ಲಿ. ಪರದೆಯ ಮೇಲೆ ಯಾರೋ ಸದ್ದಿಲ್ಲದೆ ಸೋಪು ಹಚ್ಚಿಕೊಳ್ಳುತ್ತಿದ್ದರು. ಮಾವನವರ ಮುಖ ಕೆಂಪಾಯಿತು, "ಏನೆಂದೆ?" ಎಂದು ಬಾಯಿ ತೆರೆಯುವಷ್ಟರಲ್ಲಿ ಧಾರಾವಾಹಿ ಮತ್ತೆ ಶುರುವಾಯಿತು, ಅತ್ತೆಯವರು "ಶ್" ಎಂದರು. ಮುಂದಿನ ಜಾಹೀರಾತು ಬರುವ ಹೊತ್ತಿಗೆ ಕೋಪ ಅರ್ಧ ಇಳಿದಿತ್ತು. ಮೂರನೆಯದರಲ್ಲಿ ಅವರು ಶುಲ್ಕ ಎಷ್ಟೆಂದು ಕೇಳಿದರು. ಟಿವಿ ಇಲ್ಲದಿದ್ದರೆ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ.

ಪೂರ್ತಿ ಆರಿಸಲೇಬೇಕು ಎಂದಿದ್ದರೆ ಒಬ್ಬರಿಂದಾಗುವ ಕೆಲಸವಲ್ಲ ಅದು. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಊರಿಗೆ ಊರೇ ಟಿವಿ ಮೊಬೈಲು ಆರಿಸುತ್ತಿತ್ತು, ಎಂಟೂವರೆಯವರೆಗೆ. ಅಲ್ಲಿ ಎದುರುಮನೆಯ ಸೋಫಾಕ್ಕೆ ಓಡಿಹೋದರೂ ಪ್ರಯೋಜನವಿಲ್ಲ.

ನೀವು ಹೊಸಬರು. ಬಂದ ವರ್ಷವೇ ಡಿಶ್ ತೆಗೆಸಿದರೆ ಮುಂದಿನ ಇಪ್ಪತ್ತು ವರ್ಷ ಆ ಮನೆಯಲ್ಲಿ ನಿಮ್ಮನ್ನು "ಡಿಶ್ ತೆಗೆಸಿದವಳು" ಎಂದೇ ಗುರುತಿಸುತ್ತಾರೆ. ಅತ್ತೆಯವರು ಯಾವ ಧಾರಾವಾಹಿ ನೋಡುತ್ತಾರೆ ಎಂದು ನೀವು ಬರೆದಿಲ್ಲ. ಗೊತ್ತಿಲ್ಲದಿದ್ದರೆ ಒಂದು ವಾರ ಅವರ ಪಕ್ಕ ಕುಳಿತು ಬಟಾಣಿ ಬಿಡಿಸುತ್ತಾ ನೋಡಿ. ಪರದೆಯನ್ನಲ್ಲ, ಅವರನ್ನು. ಯಾರಿಗೆ "ಅಯ್ಯೋ ಪಾಪ" ಎನ್ನುತ್ತಾರೆ, ಯಾರಿಗೆ ಶಾಪ ಹಾಕುತ್ತಾರೆ ಎಂದು ಗಮನಿಸಿ. ಶಾಪವೆಲ್ಲ ಸೊಸೆಯ ಪಾತ್ರಕ್ಕೇ ಬೀಳುತ್ತಿದ್ದರೆ ಮತ್ತೊಮ್ಮೆ ಇಲ್ಲಿ ಕೇಳಿ, ಆಗ ಬೇರೆಯೇ ಉತ್ತರ ಬರೆಯಬೇಕಾಗುತ್ತದೆ.