ಮೊದಲು ಕೆಲಸ ಇಳಿಸಿ, ಆಮೇಲೆ ಗಂಟೆ ಇಳಿಸಿ

ಪ್ರಶ್ನೆ: ನನಗೀಗ 47. ವಾರಕ್ಕೆ ಐದು ದಿನದ ಬದಲು ನಾಲ್ಕು ದಿನ ಕೆಲಸ ಮಾಡುತ್ತೇನೆ, ಸಂಬಳದಲ್ಲಿ ಐದನೇ ಒಂದು ಪಾಲು ಬಿಡುತ್ತೇನೆ ಎಂದು ಕೇಳಿದ್ದೆ. ಮೇಲಿನವರು ಒಪ್ಪಿದ್ದಾರೆ. ಮುಂದಿನ ತಿಂಗಳಿಂದ ಶುರು. ಬೇರೇನಾದರೂ ನೋಡಿಕೊಳ್ಳಬೇಕಾ?

ಉತ್ತರ: ಯಾವುದಕ್ಕೆ ಒಪ್ಪಿದ್ದಾರೆ? ನಿಮ್ಮಂಥ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಸಂಬಳ ಎಷ್ಟು ಕಡಿಮೆಯಾಗುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಯಾವ ಕೆಲಸ ಬಿಡುತ್ತಿದ್ದೇನೆ ಅಂತ ಯಾರೂ ಬರೆಯುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಲೆಕ್ಕ ನೋಡಿ. ಕಾಗದದ ಮೇಲೆ ನಿಮ್ಮದು ವಾರಕ್ಕೆ 40 ಗಂಟೆ. ಸಂಜೆ ಉಳಿದುಕೊಂಡಿದ್ದು, ರಾತ್ರಿ ಮೇಲ್ ನೋಡಿದ್ದು ಎಲ್ಲ ಸೇರಿಸಿದರೆ 48 ಇರಬಹುದು. ಇನ್ನು ಮುಂದೆ ಕಾಗದದಲ್ಲಿ 32. ಹಾಗಾದರೆ ನೀವು ಇಳಿಸಬೇಕಾದ್ದು 8 ಗಂಟೆ ಅಲ್ಲ, 16. ಕೆಲಸ ಒಂದಿಷ್ಟೂ ಕಡಿಮೆಯಾಗದೆ ಬರೀ ಒಂದು ದಿನ ರಜೆ ಹಾಕಿಕೊಂಡರೆ ಏನಾಗುತ್ತೆ? ನಾಲ್ಕು ದಿನ ಹನ್ನೊಂದು ಹನ್ನೊಂದು ಗಂಟೆ ದುಡಿಯುತ್ತೀರಿ. ರಜೆಯ ದಿನವೂ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದು ಮೂರು ಗಂಟೆ ಕೂರುತ್ತೀರಿ. ಒಟ್ಟು 47. ನೀವು ಗಳಿಸಿದ್ದು ಒಂದು ಗಂಟೆ, ಕೊಟ್ಟಿದ್ದು ಐದನೇ ಒಂದು ಪಾಲು ಸಂಬಳ.

ಹಾಗಾಗಿ ಮುಂದಿನ ತಿಂಗಳು ಶುರು ಮಾಡಬೇಡಿ. ಮೂರು ತಿಂಗಳು ಮುಂದಕ್ಕೆ ಹಾಕಿ.

ಮೊದಲ ಮೂರು ವಾರ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಅಂತ ಬರೆದಿಡಿ. ನೆನಪಿನಿಂದ ಬೇಡ, ಆಗಿಂದಾಗಲೇ. ಆಮೇಲೆ ಆ ಹಾಳೆಯ ಮೇಲೆ 16 ಗಂಟೆಯಷ್ಟು ಕೆಲಸಕ್ಕೆ ಗೆರೆ ಎಳೆಯಿರಿ. ಸುಮ್ನೆ ಹೋಗಿ ಕೂರುವ ಮೀಟಿಂಗ್, ಯಾರೂ ಓದದ ವರದಿ, ಇನ್ನೊಬ್ಬರು ಕಲಿತರೆ ಮಾಡಬಹುದಾದ ಕೆಲಸ. ಗೆರೆ ಎಳೆಯಲು 16 ಗಂಟೆ ಸಿಗಲಿಲ್ಲವೇ? ಹಾಗಾದರೆ ನಿಮ್ಮ ಹುದ್ದೆ ನಾಲ್ಕು ದಿನಕ್ಕೆ ಹಿಡಿಯುವುದಿಲ್ಲ. ಹುದ್ದೆ ಬದಲಿಸಿ ಎಂದು ಕೇಳಿ, ದಿನ ಬದಲಿಸಿ ಎಂದಲ್ಲ.

ಆ ಹಾಳೆ ಹಿಡಿದು ಮೇಲಿನವರ ಹತ್ತಿರ ಹೋಗಿ. "ಕೆಲಸದ ಹೊರೆಯನ್ನು ಸೂಕ್ತವಾಗಿ ಹೊಂದಿಸಲಾಗುವುದು" ಎಂಬ ವಾಕ್ಯ ಪತ್ರದಲ್ಲಿದ್ದರೆ ಸಹಿ ಹಾಕಬೇಡಿ. ಅದಕ್ಕೆ ಏನೂ ಅರ್ಥವಿಲ್ಲ. "ತಿಂಗಳ ವರದಿ ಮತ್ತು ಹೊಸಬರ ತರಬೇತಿ ಇಂಥ ತಾರೀಖಿನಿಂದ ಇಂಥವರ ಹೊಣೆ" ಎಂದಿರಬೇಕು. ವರ್ಷದ ಗುರಿಯೂ ಐದನೇ ಒಂದು ಪಾಲು ಇಳಿಯಬೇಕು, ಇಲ್ಲದಿದ್ದರೆ ವರ್ಷದ ಕೊನೆಗೆ ನಿಮ್ಮನ್ನು ಪೂರ್ತಿ ದಿನದವರ ಜೊತೆ ಅಳೆಯುತ್ತಾರೆ. ವಾಪಸ್ ಐದು ದಿನಕ್ಕೆ ಬರುವ ದಾರಿಯೂ ಬರವಣಿಗೆಯಲ್ಲಿರಲಿ. ಜರ್ಮನಿಯಲ್ಲಿ 2019ರಿಂದ ಇದಕ್ಕೆ ಕಾನೂನೇ ಇದೆ. 45ಕ್ಕಿಂತ ಜಾಸ್ತಿ ಜನರಿರುವ ಕಡೆ, ಒಂದರಿಂದ ಐದು ವರ್ಷ ಗಂಟೆ ಇಳಿಸಿಕೊಂಡು ಮತ್ತೆ ಮೊದಲಿನಷ್ಟಕ್ಕೆ ಮರಳುವ ಹಕ್ಕು. ನಿಮ್ಮಲ್ಲಿ ಅಂಥ ಕಾನೂನು ಇಲ್ಲದಿದ್ದರೆ ಪತ್ರವೇ ನಿಮಗೆ ಆಧಾರ.

"ಐಸ್‌ಲ್ಯಾಂಡಿನಲ್ಲಿ ಸಂಬಳ ಕಡಿಯದೇ ಗಂಟೆ ಇಳಿಸಿದರಂತಲ್ಲ?" ಎಂದು ಇನ್ನೊಬ್ಬರು ಕೇಳಿದ್ದಾರೆ. ಹೌದು, 2015ರಿಂದ 2019ರವರೆಗೆ ಸುಮಾರು 2,500 ಜನರ ಮೇಲೆ ಪ್ರಯೋಗ ಮಾಡಿದರು. 40 ಗಂಟೆಯನ್ನು 35-36ಕ್ಕೆ ತಂದರು. ಅಲ್ಲಿ ಇಡೀ ಕಚೇರಿ ಒಟ್ಟಿಗೆ ಮೀಟಿಂಗ್ ಕಡಿಮೆ ಮಾಡಿತು, ಬೇಡದ ಕೆಲಸ ಬಿಟ್ಟಿತು. ನೀವು ಒಬ್ಬರೇ ಹೊರಟಿದ್ದೀರಿ. ಬಿಡುವ ಕೆಲಸವನ್ನು ನೀವೇ ಹುಡುಕಬೇಕು.

ಇನ್ನು ದುಡ್ಡು. ಈ ಮೂರು ತಿಂಗಳು ಸಂಬಳ ಬಂದ ದಿನವೇ ಐದನೇ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ. ಅದನ್ನು ಮುಟ್ಟದೇ ಬದುಕಲು ಆಗುತ್ತಾ ನೋಡಿ. ತೆರಿಗೆ ದರ ಆದಾಯದ ಜೊತೆ ಏರುವ ಕಡೆ ಕೈಗೆ ಬರುವ ಹಣ ಐದನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆಯೇ ಇಳಿಯುತ್ತದೆ, ಅದು ಸಮಾಧಾನ. ಆದರೆ ಪಿಂಚಣಿಗೆ ಕಟ್ಟುವ ಪಾಲೂ ಇಳಿಯುತ್ತದೆ. ಕೆಲಸ ಹೋದರೆ ಸಿಗುವ ಪರಿಹಾರವನ್ನು ಇಳಿದ ಸಂಬಳದ ಮೇಲೆ ಲೆಕ್ಕ ಹಾಕಬಹುದು. ಆರು ತಿಂಗಳ ಖರ್ಚು ಕೂಡಿಟ್ಟರೆ ಸಾಕು ಅನ್ನುವವರಿದ್ದಾರೆ. ನಾನು ಒಂದು ವರ್ಷದ್ದು ಕೇಳುತ್ತೇನೆ. 47ರಲ್ಲಿ ಹೊಸ ಕೆಲಸ ಬೇಗ ಸಿಗುತ್ತದೆ ಎಂಬ ಭರವಸೆ ನನಗಿಲ್ಲ. ದೊಡ್ಡ ಸಾಲ ಇದ್ದರೆ ಮೊದಲು ಅದನ್ನು ಇಳಿಸಿ.

ದಿನಕ್ಕೆ ಒಂದೂವರೆ ಗಂಟೆ ಬೇಗ ಹೊರಡುತ್ತೇನೆ ಅನ್ನಬೇಡಿ. ಅದು ಎರಡೇ ವಾರದಲ್ಲಿ ಸೋರಿ ಹೋಗುತ್ತದೆ. ಇಡೀ ದಿನ ತೆಗೆದುಕೊಳ್ಳಿ, ಪ್ರತಿ ವಾರ ಅದೇ ದಿನ. ಮನೆಯಲ್ಲೂ ಮೊದಲೇ ಮಾತಾಡಿ. "ಹೇಗಿದ್ರೂ ನಿನಗೆ ಅವತ್ತು ರಜೆ ಅಲ್ವಾ" ಅಂತ ಬ್ಯಾಂಕಿನ ಕೆಲಸ, ರಿಪೇರಿಯವರನ್ನು ಕಾಯುವುದು, ಅತ್ತೆಯ ತಪಾಸಣೆ ಎಲ್ಲ ಅದೇ ದಿನಕ್ಕೆ ಬಂದು ಸೇರುತ್ತವೆ. ಹೆಂಗಸರಿಗೆ ಇದು ಜಾಸ್ತಿ. ಆ ದಿನದ ಅರ್ಧವನ್ನಾದರೂ ನಿಮ್ಮದು ಅಂತ ಈಗಲೇ ಹೇಳಿಬಿಡಿ.

ಪ್ರಶ್ನೆ: ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ದಿನಕ್ಕೆ ಎರಡು ಗಂಟೆ ಬಿಡುವು ಸಿಗುತ್ತದೆ ಎಂದು ಒಬ್ಬ ತರಬೇತುದಾರರು ಹೇಳುತ್ತಾರೆ.

ಉತ್ತರ: ಅದು ನಿಮ್ಮ ನಿದ್ದೆ. ಅದನ್ನು ಕದ್ದು ಬಿಡುವು ಅಂತ ಮಾರುತ್ತಿದ್ದಾರೆ.

ಪ್ರಶ್ನೆ: ವಾರಕ್ಕೆ 60 ಗಂಟೆ ದುಡಿಯುತ್ತೇನೆ. ಇನ್ನು ಐದು ವರ್ಷ ಹೀಗೇ ತಳ್ಳಿ ಆಮೇಲೆ ಇಳಿಸಬಹುದಾ?

ಉತ್ತರ: ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಅಥವಾ ಜಾಸ್ತಿ ಗಂಟೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಶೇಕಡಾ ಹೆಚ್ಚು. ನಿಮಗೆ ಇದು ಬಿಡುವಿನ ಪ್ರಶ್ನೆಯೇ ಅಲ್ಲ. ಈ ತಿಂಗಳೇ 55ರ ಕೆಳಗೆ ಇಳಿಯಿರಿ.

ಪ್ರಶ್ನೆ: ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ 45ಕ್ಕೇ ಕೆಲಸ ಬಿಡಬಹುದಂತೆ?

ಉತ್ತರ: ಆ ಲೆಕ್ಕದ ಮೂಲ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಬರೆದ ಲೇಖನ. ಅಮೆರಿಕದ ಹಳೆಯ ಮಾರುಕಟ್ಟೆಯ ಅಂಕಿಗಳು, 30 ವರ್ಷದ ನಿವೃತ್ತಿ. 45ಕ್ಕೇ ಬಿಟ್ಟರೆ ಆ ದುಡ್ಡು ನಿಮಗೆ ಇನ್ನೂ 45 ವರ್ಷ ಸಾಲಬೇಕಾಗಬಹುದು. ಇದನ್ನು ಬಿಟ್ಟು ಬರೀ 25 ಎಂಬ ಸಂಖ್ಯೆಯನ್ನು ಹೇಳಿ ಫೀಸು ಕೇಳುವವರಿಗೆ ಒಂದು ಪೈಸೆಯೂ ಕೊಡಬೇಡಿ.

ಪ್ರಶ್ನೆ: ಸಹೋದ್ಯೋಗಿಗಳು ಸೋಮಾರಿ ಅಂದುಕೊಂಡರೆ?

ಉತ್ತರ: ಅಂದುಕೊಳ್ಳಲಿ.

ಪ್ರಶ್ನೆ: ನಿವೃತ್ತಿಗೆ ಇನ್ನು ಎರಡೇ ವರ್ಷ. ಈಗ ಇಳಿಸಬಹುದಾ?

ಉತ್ತರ: ನಿಮ್ಮ ಪಿಂಚಣಿಯನ್ನು ಕೊನೆಯ ವರ್ಷಗಳ ಸಂಬಳದ ಮೇಲೆ ಲೆಕ್ಕ ಹಾಕುತ್ತಾರಾ? ಹಾಗಿದ್ದರೆ ಈಗ ಕಡಿಮೆಯಾದದ್ದು ಬದುಕಿರುವಷ್ಟು ಕಾಲ ಕಡಿಮೆಯೇ. ಐದು ದಿನದ ಸಂಬಳಕ್ಕೆ ಎಷ್ಟು, ನಾಲ್ಕು ದಿನದ್ದಕ್ಕೆ ಎಷ್ಟು ಎಂಬ ಎರಡು ಮೊತ್ತವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅದು ಕೈಗೆ ಬರುವ ತನಕ ಯಾವ ಅರ್ಜಿಗೂ ಸಹಿ ಹಾಕಬೇಡಿ. ಬಾಕಿ ಉಳಿದ ರಜೆ ಇದ್ದರೆ ವಾರಕ್ಕೊಂದು ದಿನದಂತೆ ಅದನ್ನೇ ಹಾಕಿ. ಸಂಬಳ ಹಾಗೇ ಇರುತ್ತದೆ, ದಿನವೂ ಸಿಗುತ್ತದೆ.