ಓದುಗರ ಪ್ರಶ್ನೆ: ಜೌಗಿನಂಚಿನಲ್ಲಿ ಹಕ್ಕಿ ಮತ್ತು ಕ್ಯಾಮೆರಾ

ಪ್ರಶ್ನೆ: ವಸಂತದಲ್ಲಿ ಬಿಸಿಲೇರಿದ ಮೇಲೆ ಆಚೆ ದಡದ ಬಾತುಗಳನ್ನು 600 ಎಂಎಂ ಲೆನ್ಸಿನಲ್ಲಿ ತೆಗೆದರೆ ಎಲ್ಲವೂ ಮಸುಕು. ಟ್ರೈಪಾಡ್ ಇದೆ, ಶಟರ್ ವೇಗ 1/2000 ಸೆಕೆಂಡ್. ಲೆನ್ಸ್ ಕೆಟ್ಟಿದೆಯೇ?

ಉತ್ತರ: ರಿಪೇರಿಗೆ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಬೆಳಗಿನ ತಂಪಿನಲ್ಲಿ 15 ಮೀಟರ್ ದೂರದ ಮರದ ತೊಗಟೆಯನ್ನು ತೆಗೆಯಿರಿ. ತೊಗಟೆಯ ಗೆರೆಗಳು ಚೊಕ್ಕವಾಗಿ ಬಂದರೆ ಲೆನ್ಸ್ ಸರಿಯಾಗಿದೆ, ತೊಂದರೆ ಗಾಳಿಯದು. ದಡದ ಮಣ್ಣು ಕಾದಂತೆ ಬಿಸಿಗಾಳಿ ಮೇಲೇಳುತ್ತದೆ. ಬಿಸಿಗಾಳಿ, ತಂಪುಗಾಳಿ ಬೆರೆಯುವಲ್ಲಿ ಹಾದುಬರುವ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ, ಗರಿಯ ಅಂಚು ಕದಡುತ್ತದೆ. ಶಟರ್ ವೇಗ ಹೆಚ್ಚಿಸಿದರೆ ಬಾಗಿದ ಬೆಳಕೇ ಚಿತ್ರದಲ್ಲಿ ಉಳಿಯುತ್ತದೆ. ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಸಿಕ್ಕಿಸಿ ಚಿತ್ರ ಹಿಗ್ಗಿಸುವ ಭಾಗ) ಹಾಕಿದರೆ ಹಕ್ಕಿಯ ಜೊತೆ ಮಸುಕೂ ಹಿಗ್ಗುತ್ತದೆ. ಇದಕ್ಕೆ ಮದ್ದು ಎರಡೇ: ಸೂರ್ಯೋದಯದ ನಂತರದ ಮೊದಲ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಸುವುದು, ಮತ್ತು ದೂರ ಕಡಿಮೆ ಮಾಡುವುದು. ದೂರ ಕಡಿಮೆ ಮಾಡಲು ಹಕ್ಕಿಯತ್ತ ನಡೆಯಬೇಡಿ. ಅದು ಮೇಯುವ ಕೆಸರಂಚಿನ ಬಳಿ ಬೆಳಕು ಹರಿಯುವ ಮೊದಲೇ ಹೋಗಿ ಕುಳಿತು, ಅದು ತಾನಾಗಿಯೇ ಹತ್ತಿರ ಬರುವವರೆಗೆ ಕಾಯಿರಿ. ಲೆನ್ಸ್ ನೀರಿನ ಮಟ್ಟಕ್ಕೆ ಸಮೀಪವಿದ್ದರೆ ಹಿನ್ನೆಲೆಯೂ ಹಿತವಾಗಿ ಕರಗುತ್ತದೆ.

ಪ್ರಶ್ನೆ: ಹಾರುವ ಹಕ್ಕಿಗಳ ಬಾಲವೇ ಸಿಗುತ್ತದೆ, ಮುಖ ಸಿಗುವುದಿಲ್ಲ. ಬೆಳ್ಳಕ್ಕಿಯಂತೂ ಬರೀ ಬಿಳಿ ಹಾಳೆ.

ಉತ್ತರ: ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ನೀರಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತವೆ, ಇಳಿಯುವುದೂ ಹಾಗೆಯೇ. ಆದ್ದರಿಂದ ಗಾಳಿ, ಬಿಸಿಲು ಎರಡೂ ನಿಮ್ಮ ಬೆನ್ನಿಗಿರುವ ದಡ ಹುಡುಕಿ; ಹಕ್ಕಿ ನಿಮ್ಮತ್ತ ಮುಖಮಾಡಿ ಬರುತ್ತದೆ, ಕಣ್ಣಿನಲ್ಲಿ ಬೆಳಕೂ ಮಿನುಗುತ್ತದೆ. ಎರಡೂ ಒಂದೇ ದಿಕ್ಕಿಗೆ ಬಾರದ ದಿನ ಹಾರಾಟ ಬಿಟ್ಟು ಮೇಯುವ ಹಕ್ಕಿಗಳನ್ನು ತೆಗೆಯುವುದೇ ಮೇಲು. ಹಾರಾಟಕ್ಕೆ 1/2000ರಿಂದ 1/3200 ಬೇಕು, ನಿಂತ ಬಕಕ್ಕೆ 1/500 ಸಾಕು.

ಕಪ್ಪು ನೀರು ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಅದನ್ನೇ ಬೆಳಗಿಸಲು ಹೋಗಿ ಬೆಳ್ಳಕ್ಕಿಯ ಗರಿಗಳನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಆರಿಸಿದ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಮೈನಸ್ 2/3ರಿಂದ ಮೈನಸ್ 1ಕ್ಕೆ ಇಳಿಸಿ, ಹಿಸ್ಟೋಗ್ರಾಂ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ಒತ್ತಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅದೇ ಹಕ್ಕಿ ಮೋಡದ ಬಿಳಿ ಆಕಾಶಕ್ಕೇರಿದರೆ ಪ್ಲಸ್ 1 ಬೇಕಾಗುತ್ತದೆ.

ಪ್ರಶ್ನೆ: ಟಿಟ್ಟಿಭದ ಗೂಡಿಗೆ ಎಷ್ಟು ಹತ್ತಿರ ಹೋಗಬಹುದು?

ಉತ್ತರ: ಹೋಗಲೇಬೇಡಿ. ಅದರ ಮೊಟ್ಟೆಗಳು ಬಯಲು ನೆಲದಲ್ಲಿ ಕಲ್ಲುಗಳ ನಡುವೆ ಕಲ್ಲಿನಂತೆಯೇ ಇರುತ್ತವೆ. ಕಾಲಡಿಗೆ ಸಿಕ್ಕೀತೆಂಬುದೇ ದೊಡ್ಡ ಭಯ. ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತಿದರೆ, ರೆಕ್ಕೆ ಮುರಿದಂತೆ ನಟಿಸಿದರೆ ನೀವು ಆಗಲೇ ತೀರಾ ಹತ್ತಿರವಿದ್ದೀರಿ. ನೆಲ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿ. ತಾಯಿ ಎದ್ದಷ್ಟು ಹೊತ್ತು ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಕಾಗೆಯ ಕಣ್ಣಿಗೂ ಬೀಳುತ್ತದೆ. ಗೂಡಿನ ಜಾಗವನ್ನು ಚಿತ್ರದ ಜೊತೆ ಯಾರಿಗೂ ಹಂಚಬೇಡಿ.