ಪ್ರತಿಕ್ರಿಯೆ: 17 ತುಂಬಿದವನು 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್ ಆಡಬಹುದಾ?

ಆಡಬಹುದು. "17 ತುಂಬಿದ ಮೇಲೂ ಹೇಗೆ ಆಡಿಸುತ್ತಾರೆ, ಇದು ಮೋಸ ಅಲ್ವಾ?" ಎಂದು ಕೇಳಿದ್ದೀರಿ. ಪಂದ್ಯದ ದಿನ ಎಷ್ಟು ವಯಸ್ಸು ಅನ್ನೋದು ಲೆಕ್ಕಕ್ಕಿಲ್ಲ, ಹುಟ್ಟಿದ ವರ್ಷ ನೋಡುತ್ತಾರೆ. 2017ರಲ್ಲಿ ಭಾರತದಲ್ಲಿ ನಡೆದ ಟೂರ್ನಿಗೆ 2000ದ ಜನವರಿ 1 ಅಥವಾ ನಂತರ ಹುಟ್ಟಿದವರು ಅರ್ಹರಾಗಿದ್ದರು. ಫೈನಲ್‌ನಲ್ಲಿ ಸ್ಪೇನ್ ವಿರುದ್ಧ ಎರಡು ಗೋಲು ಹೊಡೆದ ಇಂಗ್ಲೆಂಡ್‌ನ ಫಿಲ್ ಫೋಡನ್ ಹುಟ್ಟಿದ್ದು 2000ದ ಮೇ ತಿಂಗಳಲ್ಲಿ. ಅಕ್ಟೋಬರ್‌ಗೆ ಅವನಿಗೆ 17 ದಾಟಿ ಐದು ತಿಂಗಳಾಗಿತ್ತು. ಎಲ್ಲವೂ ನಿಯಮದೊಳಗೇ.

ನಿಜವಾದ ಮೋಸ ಸುಳ್ಳು ಜನನ ಪತ್ರದ್ದು. ಅದಕ್ಕೇ 2009ರ ನೈಜೀರಿಯಾ ಟೂರ್ನಿಯಿಂದ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ, ಮಣಿಕಟ್ಟಿನ ಎಂಆರ್‌ಐ (ವಿಕಿರಣವಿಲ್ಲದೆ ಮೈಯೊಳಗಿನ ಚಿತ್ರ ತೆಗೆಯುವ ಸ್ಕ್ಯಾನ್) ಶುರು ಮಾಡಿತು. ಹೆಬ್ಬೆರಳಿನ ಕಡೆಯ ಮುಂಗೈ ಮೂಳೆಯ ತುದಿಯಲ್ಲಿ, ಬೆಳೆಯುವ ಹುಡುಗರಿಗೆ ಮೆದು ಎಲುಬಿನ ತೆಳು ಪದರ ಇರುತ್ತದೆ. ಸ್ಕ್ಯಾನ್‌ನಲ್ಲಿ ಅದು ಅಡ್ಡಗೆರೆಯ ಹಾಗೆ ಕಾಣುತ್ತದೆ. ಬೆಳವಣಿಗೆ ಮುಗಿದಂತೆ ಆ ಜಾಗ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಪೂರ್ತಿ ಕೂಡಿಕೊಂಡಿದ್ದರೆ ಹುಡುಗ ವಯೋಮಿತಿ ದಾಟಿದ್ದಾನೆ ಅನ್ನೋದು ಹೆಚ್ಚುಕಮ್ಮಿ ಖಚಿತ. ಎಕ್ಸ್‌ರೇ ಯಾಕಿಲ್ಲ ಅಂದರೆ, ಆಟಕ್ಕೋಸ್ಕರ ಮಕ್ಕಳಿಗೆ ಸುಮ್ನೆ ವಿಕಿರಣ ಯಾಕೆ ಅಂತ.

ಆದರೆ ಪರೀಕ್ಷೆ ಒಂದೇ ಕಡೆ ಕೆಲಸ ಮಾಡುತ್ತದೆ. ಮೂಳೆ ಕೂಡಿಕೊಂಡಿಲ್ಲ ಅಂದ ಮಾತ್ರಕ್ಕೆ ವಯೋಮಿತಿಯೊಳಗೇ ಇದ್ದಾನೆ ಅಂತಲ್ಲ. ಕೆಲವರ ಮೂಳೆ ನಿಧಾನವಾಗಿ ಬಲಿಯುತ್ತದೆ. ಅಂಥ 18ರ ಹುಡುಗ ಆರಾಮಾಗಿ ಪಾಸಾಗಿಬಿಡಬಹುದು. ಹಾಗಾಗಿ ಇದು ದೊಡ್ಡ ಕಳ್ಳರಿಗೆ ಹಾಕಿದ ಬಲೆ, ಸಣ್ಣ ಕಳ್ಳರು ಈಗಲೂ ನುಸುಳಬಹುದು.